ಶ್ರಾವಣ ಮುಗಿಯುವ ತನಕ

"ಆ ಬಾಟ್ಲಿ ಐತೇನೋ, ಗನಿ?"

ಹೊಸ್ತಿಲ ಹೊರಗೆ ನಿಂತ ಅಕ್ಕನಾಗಮ್ಮನನ್ನು ಕಂಡು ಅಬ್ದುಲಗನಿ ಗಡಬಡಿಸಿ ಎದ್ದ. ಸ್ಟೇಷನ್ ರಸ್ತೆಯ ಹಿಂದಿನ ಆ ಓಣಿಯಲ್ಲಿ ಇಬ್ಬರ ಮನೆಗೂ ಒಂದೇ ಗೋಡೆ. ಆದರೂ ಅಯ್ಯನೋರ ಮನೆಯ ಈ ಮುದುಕಿ ಅವನ ಬಾಗಿಲಿಗೆ ಬಂದವಳೇ ಅಲ್ಲ. ಊರು ಬಿಟ್ಟುಹೋದ ಇಂಗ್ಲಿಷ್ ದೊರೆಯ ಬಂಗಲೆಯ ಹರಾಜಿನಲ್ಲಿ ಅವನು ಫ್ರಿಜ್ ಕೊಂಡು ತಂದಾಗ, ಕೆಳಗೆ ಸೀಮೆಎಣ್ಣೆ ದೀಪ ಉರಿದರೆ ಒಳಗೆ ತಂಪಾಗುವ ಆ ಸೋಜಿಗ ನೋಡಲು ಓಣಿಗೆ ಓಣಿಯೇ ನೆರೆದಿತ್ತು. ಅಕ್ಕನಾಗಮ್ಮ ಆಗಲೂ ಬಂದಿರಲಿಲ್ಲ.

"ಐತ್ರೀ ಅವ್ವಾರ."

ಹಾಲು, ಮೊಸರಿನ ಹಿಂದೆ ಹಳೆಯ ಅರಿವೆಯಲ್ಲಿ ಸುತ್ತಿಟ್ಟ ವೈನ್ ಅದು. ಅಕ್ಕನಾಗಮ್ಮನ ಬಾಣಂತಿ ಸೊಸೆ ಗೌರಾಬಾಯಿಗೆ ಮೈಯಲ್ಲಿ ರಕ್ತವೇ ಇಲ್ಲ, ದಿನಾ ಸಂಜೆ ಎರಡು ಚಮಚ ಕುಡಿಸಿ, ತಂಪಿನಲ್ಲಿಡದಿದ್ದರೆ ಕೆಡುತ್ತದೆ ಎಂದು ಹೇಳಿ ಡಾಕ್ಟರು ಕೊಟ್ಟಿದ್ದರು. ಅಯ್ಯನೋರ ಮನೆಯಲ್ಲಿ ದಾರು! ಅದೂ ಶ್ರಾವಣದಲ್ಲಿ! ತಿಂಗಳು ಮುಗಿಯುವ ತನಕ ಅದು ಮನೆಯೊಳಗೆ ಬರಕೂಡದೆಂದು ಅಕ್ಕನಾಗಮ್ಮ ಸೊಸೆಯ ಹಾಸಿಗೆಯ ಮುಂದೆಯೇ ಹಟ ಹಿಡಿದಳು. ಅವ್ವನ ಮಾತು ಮೀರದ ಮಗ ಈರಯ್ಯ ಬಾಟ್ಲಿಯನ್ನು ಗೆಳೆಯ ಗನಿಯ ಮನೆಯಲ್ಲಿಟ್ಟು ಹೋದ. ಗನಿಗೂ ಅದು ಹರಾಮೇ. ಆದರೂ ಇಟ್ಟುಕೊಂಡ. ಗೌರಾಬಾಯಿ ಮಾತ್ರ ಶ್ರಾವಣ ಮುಗಿಯುವವರೆಗೆ ಕಾಯಲಿಲ್ಲ. ಅವಳನ್ನು ಮಣ್ಣು ಮಾಡಿ ಇನ್ನೂ ವಾರವಾಗಿಲ್ಲ.

"ತಗದು ತೋರ್ಸು," ಅಂದಳು ಮುದುಕಿ.

ಗನಿ ತಂದ ಬಾಟ್ಲಿಯನ್ನು ಅವಳು ತಾನೇ ಕೈಯಲ್ಲಿ ಹಿಡಿದಳು.

"ಖರೇ ಹೇಳು. ಇದನ್ನ ಕೊಟ್ಟಿದ್ರ ಆಕಿ ಉಳೀತಿದ್ಲೇನು?"

ಗನಿಗೇನು ಗೊತ್ತು? ಡಾಕ್ಟರಿಗಾದರೂ ಗೊತ್ತಿತ್ತೋ ಇಲ್ಲವೋ. ಆ ಮುಖ ನೋಡಿ ಅವನು ತಲೆ ಅಲ್ಲಾಡಿಸಿದ.

"ಇಲ್ರೀ ಅವ್ವಾರ. ಇದು ತಂದಿಟ್ಟ ದಿನಾನ ಕೆಟ್ಟೈತಿ. ಬೆಂಕಿ ಇದ್ರ ಹೆಂಗ ತಂಪಾಗತೈತಿ ಅಂತ ನನ್ನ ಹೇಣ್ತಿ ದೀಪಾನ ಆರಿಸಿಬಿಟ್ಲು, ಮತ್ತ ಹಚ್ಚೇ ಇಲ್ಲ. ಕುಡಿಸಿದ್ರೂ ಏನೂ ಉಪಯೋಗ ಇರ್ಲಿಲ್ರೀ."

ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಮುಮತಾಜಳ ಕೈ ಒಂದು ಗಳಿಗೆ ನಿಂತಿತು. ಒಂದು ದಿನವೂ ದೀಪ ಆರಗೊಡದವಳು ಅವಳು. ಮತ್ತೆ ರೊಟ್ಟಿ ಬಡಿಯತೊಡಗಿದಳು.

ಅಕ್ಕನಾಗಮ್ಮ ಬಾಟ್ಲಿಯನ್ನು ಅವನ ಕೈಗೆ ತಿರುಗಿ ಕೊಟ್ಟಳು. ತಣ್ಣನೆಯ ಬಾಟ್ಲಿಯ ಹನಿಗಳಿಂದ ಒದ್ದೆಯಾದ ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು.

"ಈರಯ್ಯ ನನ್ನ ಕೂಡ ಮಾತು ಬಿಟ್ಟಾನ," ಅಂದಳು. "ಈ ಸುಳ್ಳು ಅವಗೂ ಒಂದೀಟು ಹೇಳಪಾ."