ಚೀನೀ ಬೇರಿನ ಕಷಾಯ

ಚೀನೀ ವೈದ್ಯರಿಂದ ತರಿಸಿದ ಆ ಬೇರು ಒಲೆಯ ಮೇಲೆ ಕುದಿಯುವಾಗಿನ ವಾಸನೆಗೇ, ದಾರಿ ತಪ್ಪಿದ್ದ ಓಣಿಯ ಎಮ್ಮೆಗಳೆಲ್ಲ ತಮ್ಮ ತಮ್ಮ ಮನೆ ನೆನಪಾಗಿ ತಿರುಗಿ ಬಂದವು. ಇನ್ನು ಕಷಾಯವನ್ನೇ ಕುಡಿದ ನನ್ನ ಹೆಂಡತಿಗೆ ತನ್ನ ತೊಟ್ಟಿಲ ದಿನ ಯಾರ್ಯಾರು ಹೋಳಿಗೆ ಉಂಡರು ಎಂಬುದೂ ನೆನಪಾಯಿತು.

ನಂಬದವಳು ಮಗಳೊಬ್ಬಳೇ. ಅವ್ವನ ಮರೆವಿನ ಕಾಯಿಲೆ ಹೆಚ್ಚಾಗಿದೆ, ತನ್ನ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದು ಗಾಡಿ ತಂದು ನಿಂತಿದ್ದಳು.

“ನಿಮ್ಮವ್ವ ಎಲ್ಲಿಗೂ ಬರೂದಿಲ್ಲ. ಪೂರಾ ಆರಾಮಾಗ್ಯಾಳ,” ಎಂದೆ.

“ಹೌದಾ? ಅವ್ವಾ, ಇವತ್ತ ಯಾವ ವಾರ?”

“ಬುಧವಾರ!” ಎಂದೆ ನಾನು.

“ಇವತ್ತ ಶುಕ್ರವಾರ. ಅಲ್ಲದ, ನಿನ್ನ ಕೇಳಿಲ್ಲಪಾ. ಅವ್ವಾ, ನನ್ನ ಹೆಸರೇನ?”

“ಹಡದಾಕಿಗೆ ಇಂಥಾದ್ದ ಕೇಳ್ತಾರೇನ? ನಾಚಿಗಿ ಆಗೂದಿಲ್ಲ ನಿನಗ?” ಎಂದು ನಾನೇ ಮೇಲೆ ಬಿದ್ದೆ. ಹೆಂಡತಿ ಇಬ್ಬರನ್ನೂ ನೋಡಿ ಸುಮ್ಮನೆ ನಕ್ಕಳು.

ಮಗಳು ಅಡುಗೆಮನೆಗೆ ಹೋಗಿ ಪಾತ್ರೆ ಬಗ್ಗಿಸಿ ನೋಡಿದಳು. ಕಷಾಯ ಡಾಂಬರಿನಷ್ಟು ಕಪ್ಪಗಿತ್ತು.

“ಅವ್ವಾ, ನಾಲಿಗಿ ತೋರಸು.”

ಅವಳ ನಾಲಿಗೆ ಕೆಂಪಗಿತ್ತು.

“ಈಗ ನಿಂದು ತೋರಸಪಾ.”

ಬಾಯಿ ಬಿಗಿದುಕೊಂಡೆ. ಹಟದಲ್ಲಿ ಅವಳೂ ನನ್ನ ಮಗಳೇ. ಗಲ್ಲ ಹಿಡಿದು ತೆರೆಸಿಯೇ ಬಿಟ್ಟಳು. ಒಳಗೆಲ್ಲ ಕಪ್ಪು.

“ಅವ್ವನ ಔಷಧ ನೀ ಕುಡದಿ!”

“ಹೂಂ, ನಾನ ಕುಡದೇನಿ!” ಎಂದು ಎದೆ ಸೆಟೆಸಿದೆ. “ನನಗೂ ಮರೆವು ಹತ್ತೇತಿ. ಇಬ್ಬರೂ ಮರತ ಕುಂತರ, ಆಕಿ ನನ್ನ ಹೆಂಡತಿ ಅನ್ನೂದನ್ನ ನೆನಪ ಇಡಾವ್ರ ಯಾರು?”