ಆರು ಬೆಳಗು

ಸೂರ್ಯ ದಿನಕ್ಕೆ ಆರು ಸಲ ಹುಟ್ಟತೊಡಗಿದ ಮೇಲೆ ಹುಟ್ಟಿದ ಕೂಸು ನನ್ನದು. ಕಿಟಕಿ ಬೆಳ್ಳಗಾದಾಗಲೆಲ್ಲ ಎದ್ದು ಎದೆಹಾಲಿಗೆ ಅಳುತ್ತಾನೆ.

“ಮೈಯಾಗ ರಕ್ತಾನ ಇಲ್ಲವ್ವ. ಬೆಳಗಿನ ಹಾಲು ಬಿಡಿಸು, ಇಲ್ಲಾಂದ್ರ ನೀ ಉಳಿಯಂಗಿಲ್ಲ” ಎಂದಿದ್ದಾರೆ ಡಾಕ್ಟರು. ಬೇವಿನ ರಸ ಹಚ್ಚಿದೆ. ಮುಖ ಕಿವುಚಿಕೊಂಡೇ ಚೀಪಿದ.

“ಬೇವೂ ಬಿಡಂಗಿಲ್ಲ, ನಿನ್ನ ಗಂಡನಂಗ ಹೊಟ್ಟಿಬಾಕ!” ಎಂದು ನಕ್ಕ ಅತ್ತೆ, ಕಿಟಕಿಗೆ ಎರಡು ಕೌದಿ ಮೊಳೆ ಹೊಡೆದು ಬಿಗಿದರು. “ಬೆಳಕು ಕಾಣದಿದ್ರ ಏಳೂದಿಲ್ಲ. ನೀನೂ ಮಕ್ಕೊ, ಯವ್ವಾ.”

ಹೊರಗೆ ಹುಂಜ ಕೂಗಿತು, ನಾಲ್ಕನೇ ಬೆಳಗು. ಮಗ ಏಳಲಿಲ್ಲ. ಕತ್ತಲಲ್ಲಿ ನನ್ನ ಎದೆ ಕಲ್ಲಾಯಿತು, ರವಿಕೆ ತೊಯ್ದು ಹಾಲು ಚಾಪೆಗಿಳಿಯಿತು. ಹಲ್ಲು ಕಚ್ಚಿ ಗೋಡೆಗೆ ಮುಖ ಮಾಡಿ ಮಲಗಿದೆ. ಆಗಲಿಲ್ಲ. ಗಾಢ ನಿದ್ದೆಯಲ್ಲಿದ್ದವನ ಅಂಗಾಲು ಚಿವುಟಿ ನಾನೇ ಎಬ್ಬಿಸಿದೆ.