ಹಗ್ಗದ ಸುರುಳಿ

ಮುಳುಗಿದ ಹಡಗಿನೊಳಗೆ ದಾರಿ ತಪ್ಪಿ ಗಂಡ ಸತ್ತು ವರ್ಷವಾಗಿತ್ತು. ಜೊತೆಗಿಳಿದಿದ್ದ ಗೆಳೆಯ ವಾಮನ ಒಬ್ಬನೇ ಮೇಲೆ ಬಂದು, "ಎಷ್ಟು ಹುಡುಕಿದ್ರೂ ಸಿಗ್ಲಿಲ್ಲ ಅತ್ತಿಗೆ" ಎಂದು ಬಿಕ್ಕಿ ಬಿಕ್ಕಿ ಅತ್ತಿದ್ದ. ಆ ಜಾಗವನ್ನು ಒಮ್ಮೆ ನೋಡಲೇಬೇಕೆಂದು ಹಟ ಹಿಡಿದವಳಿಗೆ ಡೈವಿಂಗ್ ಕಲಿಸಿದವನೂ ಅವನೇ.

ದೋಣಿಯಲ್ಲಿ ಅವನು ಹಗ್ಗದ ಸುರುಳಿ ತೋರಿಸಿದ. "ಇದರ ತುದೀನ ಹಡಗಿನ ಬಾಗಿಲಿಗೆ ಕಟ್ಟಿ, ಬಿಚ್ಕೊಳ್ತಾ ಒಳಗೆ ಹೋಗೋದು. ಕೊರೆಯೋ ನೀರು, ಕಗ್ಗತ್ತಲು. ವಾಪಸ್ ಬರೋಕೆ ಇದೊಂದೇ ದಾರಿ."

"ಮತ್ತೆ ಸುತ್ತೋದು ಯಾವಾಗ?"

"ಎಲ್ರೂ ಹೊರಗೆ ಬಂದ್ಮೇಲೆ. ಒಬ್ರು ಒಳಗಿದ್ರೂ ಸುತ್ತಬಾರದು."

ಅವಳು ಹಾಕಿಕೊಂಡಿದ್ದ ಮಾಸ್ಕ್ ತೆಗೆದಳು.

"ವಾಮನಣ್ಣ, ಅವತ್ತು ನೀವಿಬ್ರೂ ತಗೊಂಡು ಇಳಿದ ಹಗ್ಗ ನಮ್ಮನೆ ಶೋಕೇಸಲ್ಲಿದೆ. ಅವರ ನೆನಪಿಗಿರ್ಲಿ ಅಂತ ಅದೇ ಸಂಜೆ ನೀಟಾಗಿ ಸುತ್ತಿ ತಂದ್ಕೊಟ್ರಲ್ಲ."